ನಡುಕ ಇದ್ದರೂ ಕಲಿತಿರಬಹುದು

"ಎರಡು ತಿಂಗಳಿಂದ ಭಾಷಣದ ಕ್ಲಾಸಿಗೆ ಹೋಗುತ್ತಿದ್ದೇನೆ, ಮೈಕ್ ಹಿಡಿದರೆ ಈಗಲೂ ಕೈ ನಡುಗುತ್ತದೆ. ಸುಧಾರಿಸಿದ್ದೇನಾ ಇಲ್ಲವಾ ಅಂತ ತಿಳಿಯುವುದು ಹೇಗೆ?" ಅಂತ ಕೇಳಿದ್ದೀರಿ.

ನಡುಕ ನೋಡಿ ಅಳೆಯಬೇಡಿ. ಅದು ಹೆದರಿದಾಗ ಮೈಯಲ್ಲಿ ಬಿಡುಗಡೆಯಾಗುವ ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ. ವರ್ಷಗಟ್ಟಲೆ ವೇದಿಕೆ ಹತ್ತಿದವರಿಗೂ ಇರುತ್ತದೆ. ನಿಮಗೆ ಅನಿಸುವಷ್ಟು ಅದು ಎದುರು ಕೂತವರಿಗೆ ಕಾಣುವುದೂ ಇಲ್ಲ.

ಭಾಷಣ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಮಾತಿನ ನಡುವೆ ನೀವು ಎಷ್ಟು ಸಲ "ಆಂ", "ಅದೂ...", "ಮತ್ತೇ..." ಅಂದಿರಿ ಅಂತ ಎಣಿಸುವುದಕ್ಕೇ ಒಬ್ಬರು ಇರುತ್ತಾರೆ. ಎಲ್ಲರೆದುರು ಲೆಕ್ಕ ಓದುವಾಗ ಮುಜುಗರ ಆಗುತ್ತದೆ ಬಿಡಿ. ಆದರೆ ಸುಮ್ನೆ "ಚೆನ್ನಾಗಿತ್ತು" ಅನ್ನುವ ಹೊಗಳಿಕೆಗಿಂತ ಇದರಿಂದಲೇ ಉಪಯೋಗ ಜಾಸ್ತಿ.

ಮೊದಲ ವಾರದ ರೆಕಾರ್ಡಿಂಗ್ ಫೋನಿನಲ್ಲಿದ್ದರೆ ಈಗಿನದರ ಜೊತೆ ಕೇಳಿ ನೋಡಿ. ಇಲ್ಲದಿದ್ದರೆ ಮುಂದಿನ ಕ್ಲಾಸಿನಿಂದ ಶುರು ಮಾಡಿ. ನಾನಾದರೆ ಮುಖ್ಯವಾಗಿ ಒಂದನ್ನೇ ಗಮನಿಸುತ್ತೇನೆ: ಮಾತು ಮರೆತಾಗ "ಸಾರಿ ಸಾರಿ" ಅಂದಿರಾ, ಇಲ್ಲಾ ಒಂದು ಕ್ಷಣ ತಡೆದು ಮುಂದುವರಿದಿರಾ? ತಡೆದು ಮುಂದುವರಿಯಲು ಬಂದಿದ್ದರೆ ಖಂಡಿತ ಸುಧಾರಿಸಿದ್ದೀರಿ, ಕೈ ನಡುಗಿದರೂ ಸರಿ.