ಇಬ್ಬನಿಯೋ, ಸಿಂಪಡಿಸಿದ ನೀರೋ?

ಮಾನ್ಯರೇ,

ಕಳೆದ ಸಂಚಿಕೆಯ ಶರದೃತು ಪುಟಗಳಲ್ಲಿದ್ದ ಜೇಡರಬಲೆಯ ಚಿತ್ರದ ಬಗ್ಗೆ ತೀರ್ಥಹಳ್ಳಿ ಕಡೆಯಿಂದ ತಾವು ಬರೆದ ಪತ್ರ ತಲುಪಿದೆ. ‘ಇಬ್ಬನಿಯ ಮುಂಜಾವು’ ಎಂಬ ಅಡಿಬರಹದ ಆ ಚಿತ್ರದಲ್ಲಿ ಹುಲ್ಲುಕಡ್ಡಿಯ ನೆರಳು ಕಡ್ಡಿಗಿಂತಲೂ ಗಿಡ್ಡವಾಗಿದೆ, ಹೊತ್ತು ಅಷ್ಟು ಮೇಲೇರಿದ ಮೇಲೂ ಬಯಲಿನ ಬಲೆಯಲ್ಲಿ ಇಬ್ಬನಿ ಉಳಿಯುವುದುಂಟೇ ಎಂದು ಕೇಳಿದ್ದೀರಿ. ತಮ್ಮ ಅನುಮಾನ ಸರಿ. ವಿಚಾರಿಸಿದಾಗ ಅದು ಬಾಟಲಿಯಿಂದ ಸಿಂಪಡಿಸಿದ ನೀರೆಂದು ಛಾಯಾಗ್ರಾಹಕರು ಒಪ್ಪಿಕೊಂಡರು. ಅಡಿಬರಹ ಬರೆದವನು ನಾನೇ. ನೆರಳನ್ನು ನೋಡಿಯೂ ಅದು ಹೇಳುತ್ತಿದ್ದ ಹೊತ್ತನ್ನು ನಾನು ಓದಲಿಲ್ಲ.

ನೀರು ಸಿಂಪಡಿಸುವುದು ಮಹಾಪರಾಧವೇನಲ್ಲ, ಆದರೆ ಅದನ್ನು ಇಬ್ಬನಿ ಎಂದು ಕರೆಯಬಾರದು. ಮಳೆ ಹಿಂದೆಗೆದು ಆಕಾಶ ತಿಳಿಯಾಗಿ ಗಾಳಿ ಅಡಗಿದ ರಾತ್ರಿಯಲ್ಲಿ ಹುಲ್ಲು, ಎಲೆ, ಬಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾದಾಗಲೇ ಆವಿ ಅವುಗಳ ಮೇಲೆ ಹನಿಗಟ್ಟುತ್ತದೆ. ಅದೇ ತಂಪಿಗೆ ಮರಗಟ್ಟಿದ ಏರೋಪ್ಲೇನ್ ಚಿಟ್ಟೆ ಬಿಸಿಲು ತಾಗುವವರೆಗೂ ಕದಲದೆ ಕೂತಿರುತ್ತದೆ. ಬಾಟಲಿಯ ನೀರು ಇಡೀ ರಾತ್ರಿಯ ಈ ಸಂಗತಿಯನ್ನೇ ಮರೆಮಾಚುತ್ತದೆ.

ಇನ್ನು ತಾವು ಕಳಿಸಿದ ಭತ್ತದ ಗರಿಯ ಚಿತ್ರ. ತುದಿಯ ದಪ್ಪ ಹನಿಯ ಅಂಚು ಸ್ಪಷ್ಟವಾಗಿದೆ, ಒಳಗೆ ತಲೆಕೆಳಗಾಗಿ ಕಾಣುವ ಗದ್ದೆ ಮಾತ್ರ ಮಸುಕಾಗಿದೆ, ಇದು ಲೆನ್ಸಿನ ದೋಷವೇ ಎಂದಿದ್ದೀರಿ. ಖಂಡಿತ ಅಲ್ಲ. ಹನಿಯೂ ಒಂದು ಲೆನ್ಸೇ. ದೂರದ ಗದ್ದೆಯ ಬಿಂಬವನ್ನು ಅದು ತನ್ನೊಳಗಲ್ಲ, ನಡುವಿನಿಂದ ಹೆಚ್ಚುಕಡಿಮೆ ತನ್ನ ಅಗಲದಷ್ಟೇ ಕ್ಯಾಮೆರಾದ ಕಡೆಗೆ ಸರಿಸಿ ಮೂಡಿಸುತ್ತದೆ. ಹನಿ 3 ಮಿಲಿಮೀಟರಿನದಾದರೆ ಬಿಂಬವೂ ಸುಮಾರು 3 ಮಿಲಿಮೀಟರು ಈಚೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮ್ಯಾಕ್ರೋ ಲೆನ್ಸನ್ನು 1:1ಕ್ಕೆ, ಅಂದರೆ ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ ಬಿಂಬ ಬೀಳುವಷ್ಟು ಹತ್ತಿರಕ್ಕೆ, ತಂದು ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಉಳಿಯುವ ಆಳ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಎರಡೂ ಒಟ್ಟಿಗೆ ಸಿಗುವುದೆಂತು? ಕಿಂಡಿಯನ್ನು ಇನ್ನೂ ಕಿರಿದಾಗಿಸಿ ಎಫ್/22ಕ್ಕೆ ಹೋದರೆ ಅಷ್ಟು ಸಮೀಪದಲ್ಲಿ ಅದು ಎಫ್/44ರಂತೆ ವರ್ತಿಸಿ, ಕಿರುಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುವ ವಿವರ್ತನೆಯಿಂದ ಚಿತ್ರವೆಲ್ಲ ಮೆತ್ತಗಾಗುತ್ತದೆ. ಟ್ರೈಪಾಡಿನ ಮೇಲೆ ಎರಡು ಚಿತ್ರ ತೆಗೆದು ಜೋಡಿಸುವವರಿದ್ದಾರೆ. ನಾನಾದರೆ ಕ್ಯಾಮೆರಾವನ್ನು ಆ 3 ಮಿಲಿಮೀಟರು ಹಿಂದಕ್ಕೆ ಸರಿಸಿ ಗದ್ದೆಯನ್ನು ಹಿಡಿದು, ಅಂಚನ್ನು ಮಸುಕಾಗಲು ಬಿಡುತ್ತೇನೆ.

ಒಂದು ಮಾತು, ಸಂಕೋಚದಿಂದಲೇ: ಗರಿಯ ತುದಿಯಲ್ಲಿ ಒಂಟಿಯಾಗಿ ನಿಂತ ಆ ಹನಿಯೂ ಬಹುಶಃ ಇಬ್ಬನಿಯಲ್ಲ. ಇರುಳಲ್ಲಿ ಬೇರಿನ ಒತ್ತಡಕ್ಕೆ ಮೇಲೇರಿದ ನೀರನ್ನು ಭತ್ತವೇ ಗರಿಯ ತುದಿಯ ಸಣ್ಣ ರಂಧ್ರಗಳಿಂದ ಹೊರಗೆ ಬಿಡುತ್ತದೆ. ಇಬ್ಬನಿಯಾದರೆ ಗರಿಯ ಮೈಯೆಲ್ಲ ಸಣ್ಣಗೆ ಹರಡಿರುತ್ತಿತ್ತು.

ಇಬ್ಬನಿ ಆರಿದೊಡನೆ ಕ್ಯಾಮೆರಾ ಚೀಲಕ್ಕೆ ಸೇರುತ್ತದೆ ಎಂದೂ ಬರೆದಿದ್ದೀರಿ. ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಹೊಡೆ ಒಡೆದು ತೆನೆ ಹೊರಬಿದ್ದ ಗದ್ದೆಯಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಬಿಸಿಲೇರಿದ ಮೇಲೆ ಭತ್ತದ ಹೂ ಬಾಯಿ ತೆರೆದು ಆರು ಕೇಸರಗಳನ್ನು ಹೊರಚಾಚುತ್ತದೆ, ತೆರೆದ ಸುಮಾರು ಒಂದು ತಾಸಿನಲ್ಲಿ ಮುಚ್ಚಿಕೊಳ್ಳುತ್ತದೆ. ಗಾಳಿಯೂ ಆಗಲೇ ಏಳುವುದರಿಂದ ಹತ್ತರಲ್ಲಿ ಒಂದು ಚಿತ್ರ ಸರಿಬಂದರೆ ಪುಣ್ಯ.

ಜೇಡರಬಲೆಯ ಅಡಿಬರಹಕ್ಕೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ಪಕ್ಕದಲ್ಲಿ ತಮ್ಮ ಚಿತ್ರವನ್ನು ಹಾಕಲು ಒಪ್ಪಿಗೆಯನ್ನೂ, ಅದನ್ನು ಎಷ್ಟು ಗಂಟೆಗೆ ತೆಗೆದಿರೆಂಬುದನ್ನೂ ತಿಳಿಸಿ.

– ಸಂಪಾದಕ