ಆನ್‌ಲೈನ್ ಪಹಣಿಯಲ್ಲಿ ತಹಶೀಲ್ದಾರರ ಸಹಿ, ಸೀಲು ಇಲ್ಲ. ಇದನ್ನು ನಂಬಿ ಜಮೀನು ಕೊಳ್ಳಬಹುದೇ?

ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟು ಹನ್ನೊಂದು ವರ್ಷವಾಯ್ತು. ನಿಮ್ಮ ಪ್ರಶ್ನೆಯನ್ನು ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ. ಎರಡು ಎಕರೆ ಕೊಳ್ಳಲು ಹೊರಟಿದ್ದೀರಿ, ಮಾರುವವರು ಕಳಿಸಿದ ಪಹಣಿಯ (ಆರ್‌ಟಿಸಿ, ಅಂದರೆ ಜಮೀನು ಯಾರದು, ಎಷ್ಟು ಎಂದು ಬರೆದ ಕಂದಾಯ ದಾಖಲೆ) ಪಿಡಿಎಫ್ ತೆರೆದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತಿದೆ, ಹಾಗಾದರೆ ಇದು ನಕಲಿಯೇ ಎಂದಿದ್ದೀರಿ.

ಅಷ್ಟಕ್ಕೇ ನಕಲಿ ಅನ್ನಲಾಗದು. ಅಲ್ಲಿರುವುದು ಪೆನ್ನಿನ ಸಹಿಯಲ್ಲ, ಫೈಲಿನೊಳಗೇ ಹಾಕಿದ ಡಿಜಿಟಲ್ ಸಹಿ. ‘ಈ ಸಹಿ ಹಾಕಿದವರಿಗೆ ಪ್ರಮಾಣಪತ್ರ ಕೊಟ್ಟವರು ಯಾರೋ ನನಗೆ ಗುರುತಿಲ್ಲ’ ಎಂದು ನಿಮ್ಮ ಕಂಪ್ಯೂಟರು ಹೇಳುತ್ತಿದೆ, ಅಷ್ಟೆ. ನಮ್ಮ ದೇಶದಲ್ಲಿ ಈ ಪ್ರಮಾಣಪತ್ರಗಳ ಬೇರು ಇರುವುದು ಕೇಂದ್ರ ಸರ್ಕಾರದ ಸಿಸಿಎ ಎಂಬ ಪ್ರಾಧಿಕಾರದಲ್ಲಿ. ಸಹಿಯ ಮೇಲೆ ಕ್ಲಿಕ್ ಮಾಡಿ ಪ್ರಮಾಣಪತ್ರದ ಸರಪಳಿ ನೋಡಿ. ತುದಿಯಲ್ಲಿ ಸಿಸಿಎ ಇಂಡಿಯಾ ಎಂದಿದ್ದರೆ ನಂಬಿಕಸ್ತರ ಪಟ್ಟಿಗೆ ಸೇರಿಸಬಹುದು, ಆಮೇಲೆ ಹಸಿರು ಗುರುತು ಬರುತ್ತದೆ. ಕೆಂಪು ಗುರುತು ಬಂದರೆ ಮಾತ್ರ ಹೆದರಬೇಕು. ಸಹಿಯಾದ ಮೇಲೆ ಫೈಲಿನಲ್ಲಿ ಒಂದು ಅಂಕಿ ತಿದ್ದಿದರೂ, ಸಹಿ ಹಾಕುವಾಗ ಕಂಪ್ಯೂಟರು ಮಾಡಿಟ್ಟ ಲೆಕ್ಕ ತಾಳೆಯಾಗದೆ ಸಹಿ ಕೆಡುತ್ತದೆ.

ಇದೆಲ್ಲ ಫೈಲಿಗೆ ಮಾತ್ರ. ಪ್ರಿಂಟ್ ತೆಗೆದ ಕ್ಷಣ ಸಹಿ ಹೋಯಿತು, ಕಾಗದದ ಮೇಲೆ ಉಳಿಯುವುದು ಅದರ ಚಿತ್ರ. ಆ ಪ್ರಿಂಟಿನ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿ ‘ಅಣ್ಣಾ, ಡಿಜಿಟಲ್ ಸಹಿ ಐತಾ ನೋಡು’ ಅನ್ನುವವರಿಗೆ ನಾನೇನು ಹೇಳಲಿ! ಇನ್ನೊಂದು: ಭೂದಾಖಲೆಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಕಾಣುವ ಪಹಣಿ ಬರೀ ಮಾಹಿತಿಗೆ. ದುಡ್ಡು ಕಟ್ಟಿ ತೆಗೆಯುವ ಆನ್‌ಲೈನ್ ಪಹಣಿ, ಅಂದರೆ ಐ-ಆರ್‌ಟಿಸಿಯೇ ಬೇಕು. ಅದರ ಮೇಲಿನ ಸಂಖ್ಯೆಯನ್ನು ಅದೇ ವೆಬ್‌ಸೈಟಿನಲ್ಲಿ ಹಾಕಿ ತಾಳೆ ನೋಡಬಹುದು. ಮಾರುವವರು ಕೊಟ್ಟದ್ದನ್ನು ಬಿಟ್ಟು ನೀವೇ ಒಂದು ತೆಗೆಯಿರಿ, ಚಹಾದ ದುಡ್ಡಿನಲ್ಲಿ ಮುಗಿಯುತ್ತದೆ.

ಸೀಲು ಯಾಕಿಲ್ಲ ಅಂತಲೂ ಕೇಳಿದ್ದೀರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಸೆಕ್ಷನ್ ಎಲೆಕ್ಟ್ರಾನಿಕ್ ಸಹಿಗೆ ಕೈಸಹಿಯಷ್ಟೇ ಬೆಲೆ ಕೊಟ್ಟಿದೆ. ಅದೇ ಹೊತ್ತಿಗೆ ನಮ್ಮಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು, ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು ಈ ಪುಸ್ತಕ. ಅವರು ಊರಲ್ಲಿ ಸಿಕ್ಕರೆ ಪಹಣಿ, ಇಲ್ಲದಿದ್ದರೆ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ಕಿಯಾಸ್ಕ್, ಅಂದರೆ ಕಂಪ್ಯೂಟರ್ ಪಹಣಿ ಕೊಡುವ ಕೌಂಟರ್, ಬಂದ ಮೇಲೆ 15 ರೂಪಾಯಿಗೆ ಯಾರ ಪಹಣಿಯನ್ನಾದರೂ ಯಾರಾದರೂ ಪಡೆಯುವಂತಾಯ್ತು. ಒಳಗೆ ಕೂತವರು ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಿತ್ತು, ಮ್ಯುಟೇಷನ್ (ಖಾತೆ ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕಿತ್ತು. ನಾಳೆ ‘ಇದನ್ನು ನಾನು ಮಾಡಿಲ್ಲ’ ಅನ್ನಲು ಆ ನೌಕರರಿಗೆ ದಾರಿ ಇಲ್ಲ.

ಆದರೆ ಜಮೀನು ಕೊಳ್ಳುವವರು ಎಡವುವುದು ಬೇರೆ ಕಡೆ. ನಮ್ಮ ಮನೆಯದನ್ನೇ ಕೇಳಿ. ಅಜ್ಜನ ಕಾಲದ ಪಹಣಿಯಲ್ಲಿ 1 ಎಕರೆ 12 ಗುಂಟೆ ಇದ್ದದ್ದು ಕಂಪ್ಯೂಟರಿಗೆ ಹತ್ತುವಾಗ 1 ಎಕರೆ 21 ಗುಂಟೆಯಾಯ್ತು. ಅಂಕಿ ತಿರುಗಿತು, ಅಷ್ಟೆ. ಅಂದಿನಿಂದ ತೆಗೆದ ಒಂದೊಂದು ಪ್ರತಿಯೂ ಅಸಲಿ, ಒಂದೊಂದೂ ತಪ್ಪು. ನಾವು ಅಣ್ಣತಮ್ಮಂದಿರು ಪಾಲಾಗಲು ಹೊರಟು ಜಮೀನು ಪಾಲು ಮಾಡಲು ಬೇಕಾದ ಸರ್ವೆಯ 11ಇ ನಕ್ಷೆಗೆ ಅರ್ಜಿ ಹಾಕಿದಾಗ, ಪಹಣಿಗೂ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿಗೂ ತಾಳೆಯಾಗುತ್ತಿಲ್ಲ ಎಂದು ವಾಪಸ್ ಬಂತು. ಹಳೇ ಕೈಬರಹದ ಪ್ರತಿ, ಆಕಾರಬಂದಿನ ನಕಲು ಲಗತ್ತಿಸಿ ತಿದ್ದುಪಡಿ ಮಾಡಿಸುವಷ್ಟರಲ್ಲಿ ಹದಿನಾಲ್ಕು ತಿಂಗಳು. ಕಚೇರಿ ಎದುರೇ ಅಂಗಡಿ ಇದ್ದವನ ಗತಿ ಇದು.

ಇದು ಕಚೇರಿಯಲ್ಲಿರುವ ದಾಖಲೆಯ ನಿಜವಾದ ಪ್ರತಿ ಅನ್ನುವಷ್ಟಕ್ಕೆ ಡಿಜಿಟಲ್ ಸಹಿ ಸಾಕ್ಷಿ. ದಾಖಲೆಯೊಳಗೆ ಬರೆದದ್ದು ನಿಜವೋ ಅಲ್ಲವೋ ಅದಕ್ಕೆ ಗೊತ್ತಿಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ನೂ ಅಷ್ಟೇ, ಬೇರೆ ಸಾಬೀತಾಗುವ ತನಕ ಪಹಣಿಯ ನಮೂದನ್ನು ನಿಜವೆಂದು ಇಟ್ಟುಕೊಳ್ಳಬೇಕು ಎನ್ನುತ್ತದೆ. ಪಹಣಿ ಎಂದೂ ಕ್ರಯಪತ್ರವಲ್ಲ.

ಆದ್ದರಿಂದ ನಿಮ್ಮ ಎರಡು ಎಕರೆಗೆ ಹೀಗೆ ಮಾಡಿ. ಪಹಣಿಯ 9ನೇ ಕಾಲಮ್ಮಿನಲ್ಲಿ ಮಾರುವವರ ಹೆಸರೇ ಇದೆಯೇ, ಸತ್ತ ಅಪ್ಪನದೋ ನೋಡಿ. 10ರಲ್ಲಿ ಅವರಿಗೆ ಅದು ಹೇಗೆ ಬಂತು ಎಂದಿರುತ್ತದೆ. ಅಲ್ಲಿ ಕಾಣುವ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ. 11ರಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಿಂದ ಇಸಿ, ಅಂದರೆ ಋಣಭಾರ ಪತ್ರ, ಎಷ್ಟು ಹಿಂದಕ್ಕೆ ಸಿಗುತ್ತದೋ ಅಷ್ಟಕ್ಕೂ ತೆಗೆಸಿ. ಆಕಾರಬಂದಿನ ವಿಸ್ತೀರ್ಣ ಪಹಣಿಗೆ ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ. ಕೊನೆಗೆ ಜಮೀನಿಗೆ ಹೋಗಿ ಬದುವಿನ ಮೇಲೆ ನಿಂತು ಪಕ್ಕದ ಹೊಲದವರನ್ನು ಮಾತಾಡಿಸಿ, ಮಾರುವವರು ಜೊತೆಗಿಲ್ಲದಾಗ.