ಹುಬ್ಬಳ್ಳಿಯ ಉಣಕಲ್ ಕೆರೆ ಏರಿಗೆ ನೂರು ವರ್ಷ ದಾಟಿದೆ. ಬುಡದಲ್ಲಿ ನೀರು ಒಸರಿದರೆ ಒಡೆಯುತ್ತಾ? ನಲ್ಲಿಗೆ ಮಲಪ್ರಭೆ ನೀರು ಬರುವಾಗ ಈ ಕೆರೆ ಇನ್ನೂ ಯಾಕೆ ಬೇಕು?

ಒಸರಿದ ಮಾತ್ರಕ್ಕೆ ಹೆದರಬೇಡಿ. ಮಣ್ಣಿನ ಏರಿ ಯಾವುದೇ ಇರಲಿ, ಸ್ವಲ್ಪ ಜಿನುಗೇ ಜಿನುಗುತ್ತದೆ. ನೀರಿನ ಬಣ್ಣ ನೋಡಿ. ತಿಳಿ ನೀರು, ಅದೂ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಗಮನ ಇಟ್ಟರೆ ಸಾಕು. ರಾಡಿ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ. ಆ ದಾರಿ ಇಲಿ ತೋಡಿದ ಬಿಲದ ಹಾಗೆ ಒಳಗೊಳಗೇ ದೊಡ್ಡದಾಗುತ್ತದೆ. ಆಗ ತಡಮಾಡದೆ ಅಧಿಕಾರಿಗಳಿಗೆ ತಿಳಿಸಿ. ಏರಿ ಮೇಲೆ ಬೆಳೆದ ದೊಡ್ಡ ಮರಗಳೂ ಒಳ್ಳೆಯದಲ್ಲ, ಬೇರು ಕೊಳೆತ ಜಾಗದಲ್ಲೇ ನೀರು ದಾರಿ ಹುಡುಕುತ್ತದೆ.

ವಯಸ್ಸಿಗಿಂತ ಕೋಡಿಯ ಚಿಂತೆ ನನಗೆ ಜಾಸ್ತಿ. ಕೋಡಿಯಲ್ಲಿ ಕಸ, ಜಲಕಳೆ ತುಂಬಿದರೆ ನೀರು ಏರಿ ಮೇಲೇ ಹರಿಯುತ್ತದೆ. ಮಣ್ಣು ಅದನ್ನು ತಡೆಯಲ್ಲ. 1979ರಲ್ಲಿ ಗುಜರಾತಿನ ಮಚ್ಛು ಅಣೆಕಟ್ಟಿನ ಮಣ್ಣಿನ ಭಾಗ ಕೊಚ್ಚಿಹೋಗಿದ್ದು ಹೀಗೆ ನೀರು ಮೇಲೆ ಹರಿದೇ. ಇಲ್ಲಿ ಕೋಡಿ ನೀರು ಹೋಗುವ ನಾಲೆ ಹುಬ್ಬಳ್ಳಿ ಊರೊಳಗೇ ಹಾದುಹೋಗುತ್ತದೆ, ಅಲ್ವಾ?

ಉಪಯೋಗ? ಜೋರು ಮಳೆಯ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ, ಸುತ್ತಲಿನ ಬೋರ್‌ವೆಲ್‌ಗಳಿಗೂ ಆಸರೆ. ಸಂಜೆ ವಾಕಿಂಗ್ ಅಂತೂ ಇದ್ದೇ ಇದೆ.